ಚಿತ್ರಮಂದಿರದ ಧ್ವನಿಗೂ ಒಂದು ಮುದ್ರೆ ಬೇಕು

ತುರ್ಭೆಯ ಸಗಟು ಪೇಟೆಗೆ ಬೆಳಗಿನ ಜಾವ ಈರುಳ್ಳಿ, ಬಟಾಟೆ, ತರಕಾರಿಗಳ ಖರೀದಿಗೆ ಹೋಗುವ ನಮ್ಮ ಹೋಟೆಲು ಬಂಧುಗಳಿಗೆ ತಕ್ಕಡಿಯ ಮಹತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ಹಳೆಯ ಮುಂಬಯಿಯ ಇಕ್ಕಟ್ಟಾದ ಪೇಟೆಗಳು 1980 ಹಾಗೂ 1990ರ ದಶಕಗಳಲ್ಲಿ ಒಂದೊಂದಾಗಿ ಇಲ್ಲಿಗೆ ಸ್ಥಳಾಂತರಗೊಂಡಂದಿನಿಂದ ಅದೆಷ್ಟೋ ಅಡುಗೆಮನೆಗಳ ಲೆಕ್ಕಾಚಾರಕ್ಕೆ ಇಲ್ಲಿಯ ತಕ್ಕಡಿಯೇ ಪ್ರಮಾಣವಾಗಿದೆ. ಆ ತಕ್ಕಡಿಯಾದರೂ ವರ್ತಕನ ಸೌಜನ್ಯವೊಂದನ್ನೇ ನಂಬಿ ನಿಂತದ್ದಲ್ಲ. ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳ ಪ್ರಕಾರ ವಿದ್ಯುನ್ಮಾನ ತಕ್ಕಡಿಯನ್ನು 12 ತಿಂಗಳಿಗೊಮ್ಮೆ, ತೂಕದ ಕಲ್ಲುಗಳನ್ನು 24 ತಿಂಗಳಿಗೊಮ್ಮೆ ಪರೀಕ್ಷೆಗೊಡ್ಡಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ತಕ್ಕಡಿಯ ಮುಂದೆ ಕೊಳ್ಳುವವನು ಪ್ರಶ್ನೆ ಎತ್ತಿದರೆ ಅದನ್ನು ಜಗಳಗಂಟಿತನವೆಂದು ಯಾರೂ ಹೇಳುವುದಿಲ್ಲ. ಅದು ಅವನ ಹಕ್ಕು.

ಅದೇ ಮನುಷ್ಯ ವಾರದ ರಜೆಯ ದಿನ ಮೈತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಾಶಿಗೋ ಥಾಣೆಗೋ ರೈಲು ಹತ್ತಿ ಕನ್ನಡ ಚಿತ್ರವೊಂದಕ್ಕೆ ಹೋಗುತ್ತಾನೆ. ಚೀಟಿಗೆ ಅವನು ತೆರುವ ಹಣ ಅರ್ಧ ದಿನದ ದುಡಿಮೆಗಿಂತ ಕಡಿಮೆಯೇನಲ್ಲ. ಆ ಹಣಕ್ಕೆ ಪ್ರತಿಯಾಗಿ ಅವನು ಪಡೆಯುವ ಸರಕು ಎರಡು: ಒಂದು ಬೆಳಕು, ಇನ್ನೊಂದು ಧ್ವನಿ. ಬೆಳಕು ಕೆಟ್ಟರೆ ಸಭಾಂಗಣವೆಲ್ಲ ಕೂಗಾಡುತ್ತದೆ. ಧ್ವನಿ ಕೆಟ್ಟರೆ ಮಾತ್ರ ಪ್ರೇಕ್ಷಕ ತನ್ನ ಕಿವಿಯನ್ನೇ ಸಂಶಯಿಸಿಕೊಂಡು ಸುಮ್ಮನೆ ಕುಳಿತುಕೊಳ್ಳುತ್ತಾನೆ. ತಕ್ಕಡಿಗೆ ಇರುವ ಮುದ್ರೆ ಈ ಧ್ವನಿಗೆ ಏಕಿಲ್ಲವೆಂಬುದೇ ಇಂದು ನಾವು ಎತ್ತಬಯಸುವ ಪ್ರಶ್ನೆ.

ಇದು ಉಳ್ಳವರ ಶೋಕಿಯ ವಿಷಯ, ದುಡಿಯುವವರ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ಕೆಲವರು ಕೇಳಿಯಾರು. ನಮ್ಮ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾಗಿದೆ. ಮುಂಬಯಿಯ ಕನ್ನಡಿಗನು ಕನ್ನಡ ಚಿತ್ರಕ್ಕೆ ಹೋಗುವುದು ಬಡಿದಾಟದ ಸದ್ದು ಕೇಳುವುದಕ್ಕಲ್ಲ. ಸದ್ದು ಅವನಿಗೆ ದಿನವಿಡೀ ಸಾಕಷ್ಟು ಸಿಗುತ್ತದೆ. ಒಲೆಯ ಮೇಲಿನ ಹೊಗೆ ಹೀರುವ ಯಂತ್ರದ ಮೊರೆತ, ಪಾತ್ರೆ ತೊಳೆಯುವಲ್ಲಿಯ ಗದ್ದಲ, ಮಿಕ್ಸರಿನ ಕಿರುಚಾಟ, ಗಿರಾಕಿಗಳ ಕೂಗು ಇವುಗಳ ನಡುವೆ ಹತ್ತು ಹನ್ನೆರಡು ತಾಸು ನಿಂತವನು ಅವನು. ಕಚೇರಿಯ ಕಾರಕೂನನ ಪಾಡೂ ಬೇರೆಯಲ್ಲ. ಅವನು ಇಂಗ್ಲಿಷಿನಲ್ಲಿ ಬರೆದು, ಹಿಂದಿಯಲ್ಲಿ ಉತ್ತರಿಸಿ, ಮರಾಠಿಯಲ್ಲಿ ರೈಲಿನ ಜಾಗಕ್ಕೆ ಜಗಳಾಡಿ ಮನೆಗೆ ಮರಳುವವನು. ಇಬ್ಬರಿಗೂ ಬೇಕಾದುದು ಎರಡೂವರೆ ತಾಸು ತಮ್ಮ ಭಾಷೆಯ ನಡುವೆ ಕುಳಿತಿರುವ ಸುಖ. ಆ ಭಾಷೆಯೇ ಕಿವಿಗೆ ಸ್ಪಷ್ಟವಾಗಿ ಮುಟ್ಟದಿದ್ದರೆ ಉಳಿದ ವೈಭವವನ್ನು ಕಟ್ಟಿಕೊಂಡು ಏನು ಮಾಡುವುದು?

ಇನ್ನೊಂದು ಸಂಗತಿಯೂ ಇದೆ, ಅದು ಇದಕ್ಕಿಂತ ಗಂಭೀರವಾದುದು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಬಹುಮಂದಿ ಕನ್ನಡವನ್ನು ಓದಲಾರರು; ಕೇಳಿ ಮಾತ್ರ ತಿಳಿಯಬಲ್ಲರು. ಈ ಊರಿನಲ್ಲಿ ತೆರೆ ಕಾಣುವ ಕನ್ನಡ ಚಿತ್ರಗಳ ಕೆಳಭಾಗದಲ್ಲಿ ಹೆಚ್ಚಾಗಿ ಇಂಗ್ಲಿಷಿನ ಸಾಲುಗಳು ಓಡುತ್ತಿರುತ್ತವೆ. ಮಾತು ಸ್ಪಷ್ಟವಾಗಿ ಕೇಳಿಸಿದರೆ ಮಗು ಮಾತನ್ನು ಕೇಳುತ್ತದೆ, ಪಕ್ಕದಲ್ಲಿ ಕುಳಿತ ತಾಯಿಯನ್ನು ಒಂದು ಶಬ್ದದ ಅರ್ಥ ಕೇಳುತ್ತದೆ. ಕೇಳಿಸದಿದ್ದರೆ ಅದರ ಕಣ್ಣು ತಾನಾಗಿಯೇ ಇಂಗ್ಲಿಷಿನ ಸಾಲಿಗೆ ಇಳಿಯುತ್ತದೆ; ಒಮ್ಮೆ ಇಳಿದ ಕಣ್ಣು ಮತ್ತೆ ಮೇಲೇಳುವುದು ಕಷ್ಟ. ಕನ್ನಡ ಕಲಿಸಲು ಇಷ್ಟೆಲ್ಲ ಸಂಘಗಳನ್ನು ಕಟ್ಟಿಕೊಂಡಿರುವ ನಾವು, ಕನ್ನಡ ತಾನಾಗಿ ಕಿವಿಗೆ ಬೀಳಬಹುದಾದ ಈ ಒಂದು ಸ್ಥಳವನ್ನು ಅಲಕ್ಷಿಸುವುದು ಸಾಧುವಲ್ಲ.

ಚಲನಚಿತ್ರದ ಧ್ವನಿಗೂ ಈ ನೆಲಕ್ಕೂ ಹಳೆಯ ನಂಟು. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' 1931ರ ಮಾರ್ಚ್ 14ರಂದು ತೆರೆ ಕಂಡದ್ದು ಮುಂಬಯಿಯ ಗಿರಗಾಂವದ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ. ತೆರೆಯ ಮೇಲೆ ಕನ್ನಡವು ಮೊತ್ತಮೊದಲು ಬಾಯಿಬಿಟ್ಟದ್ದು ಮರಾಠಿ ನೆಲದಲ್ಲಿ ಎಂದರೆ ತಪ್ಪಾಗಲಾರದು. ಮುಂದೆ 1975ರ ಆಗಸ್ಟ್ 15ರಂದು 'ಶೋಲೆ' ಬಂತು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ಆ ಕಥೆಯನ್ನು 70 ಮಿಲಿಮೀಟರಿನ ಅಗಲ ತೆರೆಯಲ್ಲಿ, ಹಲವು ದಿಕ್ಕಿನ ಧ್ವನಿಯೊಡನೆ ತೋರಿಸಿದ ಮಿನರ್ವಾ ಚಿತ್ರಮಂದಿರದಲ್ಲಿ ಅದು ಐದು ವರ್ಷ ಓಡಿತು. ತೆರೆಯ ಮೇಲೆ ಚಿಮ್ಮಿದ ನಾಣ್ಯ ಬಿದ್ದ ಸದ್ದಿಗೆ ಪ್ರೇಕ್ಷಕರು ತಮ್ಮ ಕಾಲಬುಡದಲ್ಲಿ ಬಗ್ಗಿ ಹುಡುಕಿದರೆಂಬ ಕಥೆಯನ್ನು ಆ ಕಾಲದವರು ಈಗಲೂ ಹೇಳುವುದುಂಟು. ಕಥೆಯಲ್ಲಿ ಉತ್ಪ್ರೇಕ್ಷೆ ಎಷ್ಟಿದೆಯೋ, ಅಂತೂ ಧ್ವನಿಗೆ ಒಂದು ಸ್ಥಾನವುಂಟೆಂದು, ಅದು ತೆರೆಯನ್ನು ಬಿಟ್ಟು ನಮ್ಮ ಮಗ್ಗುಲಿಗೆ ಬರಬಲ್ಲುದೆಂದು ಮುಂಬಯಿಯ ಸಾಮಾನ್ಯ ಪ್ರೇಕ್ಷಕ ಅಂದೇ ಅರಿತಿದ್ದನು.

ಆ ಕಾಲದಲ್ಲಿ ವಿರಳವಾಗಿದ್ದ ಆ ಸೌಕರ್ಯ ಇಂದು ಸರ್ವಸಾಧಾರಣ. 1977ರಲ್ಲಿ 'ಸ್ಟಾರ್ ವಾರ್ಸ್' ಡಾಲ್ಬಿ ಸ್ಟೀರಿಯೋವನ್ನು ಜನಪ್ರಿಯಗೊಳಿಸಿತು. 1992ರಲ್ಲಿ ಡಾಲ್ಬಿ ಡಿಜಿಟಲ್, 1993ರಲ್ಲಿ ಡಿಟಿಎಸ್, 2012ರಲ್ಲಿ ಛಾವಣಿಯಿಂದಲೂ ಧ್ವನಿ ಇಳಿಸುವ ಅಟ್ಮೋಸ್ ಬಂದವು. ಹೆಸರುಗಳ ಈ ಮೆರವಣಿಗೆಯನ್ನು ಚಿತ್ರಮಂದಿರಗಳು ತಮ್ಮ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿಕೊಂಡಿವೆ. ಆದರೆ ಯಂತ್ರ ಕೊಳ್ಳುವುದು ಬೇರೆ, ಅದನ್ನು ಶ್ರುತಿಯಲ್ಲಿ ಇಟ್ಟುಕೊಳ್ಳುವುದು ಬೇರೆ. ಹೊಸ ಮದ್ದಲೆ ಕೊಂಡ ಮಾತ್ರಕ್ಕೆ ಮೇಳ ಶ್ರುತಿಗೂಡುವುದಿಲ್ಲ.

ಈ ವ್ಯವಸ್ಥೆಯ ಮೂಲರೂಪವನ್ನು ವಾಚಕರು ಅರಿತಿರುವುದು ಒಳ್ಳೆಯದು. ತೆರೆಯ ಹಿಂದೆ ಮೂರು ದೊಡ್ಡ ಧ್ವನಿವರ್ಧಕಗಳು ಇರುತ್ತವೆ: ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು. ತೆರೆಯಲ್ಲಿ ಸಹಸ್ರಾರು ಸಣ್ಣ ರಂಧ್ರಗಳಿದ್ದು ಅವುಗಳ ಮೂಲಕ ಧ್ವನಿ ಹೊರಬರುತ್ತದೆ. ಪಾತ್ರಗಳ ಮಾತು ಬಹುತೇಕ ನಡುವಿನದರಿಂದಲೇ ಬರುವುದು. ಗುಡುಗು, ಸ್ಫೋಟ, ನೆಲ ನಡುಗಿಸುವ ಮೊರೆತಗಳಿಗೆ ಬೇರೊಂದು ಧ್ವನಿವರ್ಧಕವಿದೆ. ಎಡಬಲದ ಗೋಡೆಗಳ ಮೇಲೂ ಹಿಂಗೋಡೆಯ ಮೇಲೂ ಸಾಲಾಗಿ ಕೂಡಿಸಿದ ಸಣ್ಣ ಪೆಟ್ಟಿಗೆಗಳು ಮಳೆ, ಗಾಳಿ, ಜನಜಂಗುಳಿ, ದೂರದ ಗಂಟೆ ಮೊದಲಾದ ಸುತ್ತಣ ಸದ್ದುಗಳನ್ನು ಕೊಡುತ್ತವೆ.

ಕರಾವಳಿಯಿಂದ ಬಂದ ನಮ್ಮವರಿಗೆ ಇದು ಅಪರಿಚಿತವೇನಲ್ಲ. ಊರಿನ ಕೋಲದಲ್ಲಿ ನಿಂತವನಿಗೆ ಒಂದು ಮಗ್ಗುಲಿನಿಂದ ತೆಂಬರೆಯೊಡನೆ ಪಾಡ್ದನ, ಇನ್ನೊಂದು ಮಗ್ಗುಲಿನಿಂದ ವಾದ್ಯ, ಎದುರಿನಿಂದ ಗಗ್ಗರದ ಸದ್ದು, ಬೆನ್ನ ಹಿಂದಿನಿಂದ ನೆರೆದ ಜನರ ಗುಜುಗುಜು ಕೇಳಿಸುತ್ತವೆ. ಇವೆಲ್ಲ ಸೇರಿಯೇ ಆ ರಾತ್ರಿ. ಯಕ್ಷಗಾನದವರಂತೂ ಧ್ವನಿಯ ಸಮತೋಲವನ್ನು ಯಾವ ಯಂತ್ರವೂ ಇಲ್ಲದೆ ಸಾಧಿಸಿದವರು. ಯುದ್ಧದ ಕುಣಿತದಲ್ಲಿ ಊರೆಲ್ಲ ಎಚ್ಚರಗೊಳ್ಳುವಂತೆ ಬಡಿಯುವ ಚೆಂಡೆ, ವೇಷಧಾರಿ ಅರ್ಥ ಹೇಳಲು ತೊಡಗಿದೊಡನೆ ಕೋಲು ತಗ್ಗಿಸಿ ಮೌನವಾಗುತ್ತದೆ. ಮಾತಿನ ಸಮಯದಲ್ಲಿ ಚೆಂಡೆ ಬಡಿಯುವವನನ್ನು ಭಾಗವತರು ಒಪ್ಪುವರೇ? ಚಿತ್ರಮಂದಿರದಲ್ಲಿ ಮಾತ್ರ ಇಂಥ ಚೆಂಡೆಯವರು ನಿರಾತಂಕವಾಗಿ ಬಡಿಯುತ್ತಿದ್ದಾರೆ.

ಇದನ್ನು ಸರಿಪಡಿಸುವ ವಿದ್ಯೆ ಇಲ್ಲವೆಂದಲ್ಲ. ಅದು ದಶಕಗಳಿಂದ ರೂಢಿಯಲ್ಲಿದೆ. ಕೊನೆಯ ಆಟ ಮುಗಿದು ಸಭಾಂಗಣ ಬರಿದಾದ ಮೇಲೆ ತಂತ್ರಜ್ಞನು ತೆರೆಯಿಂದ ಸುಮಾರು ಮೂರನೆಯ ಎರಡು ಪಾಲು ದೂರದ ಆಸನಗಳ ಸುತ್ತ ಒಂದಲ್ಲ, ನಾಲ್ಕಾರು ಕಡೆ ಮೈಕುಗಳನ್ನು ನಿಲ್ಲಿಸುತ್ತಾನೆ. ಒಂದೇ ಸ್ಥಳದಲ್ಲಿ ಅಳೆದರೆ ಆ ಒಂದು ಕುರ್ಚಿಗೆ ಮಾತ್ರ ನ್ಯಾಯ ಸಿಕ್ಕೀತು. ಬಳಿಕ ಪಿಂಕ್ ನಾಯ್ಸ್ ಎಂದು ಕರೆಯುವ, ದೂರದ ಜಲಪಾತದಂತೆ ಕೇಳುವ ಒಂದು ಏಕರೂಪದ ಸದ್ದನ್ನು ಧ್ವನಿವರ್ಧಕಗಳ ಮೂಲಕ ಒಂದೊಂದಾಗಿ ಹರಿಸುತ್ತಾನೆ. ತಗ್ಗು ಸ್ವರದಿಂದ ಹೆಚ್ಚು ಸ್ವರದವರೆಗಿನ ಪ್ರತಿ ಸ್ಥಾಯಿಯಲ್ಲೂ ಸಮಾನ ಶಕ್ತಿಯಿರುವುದು ಈ ಸದ್ದಿನ ಗುಣ. ಆದುದರಿಂದ ಯಾವ ಪೆಟ್ಟಿಗೆ ಯಾವ ಸ್ವರವನ್ನು ನುಂಗುತ್ತಿದೆ, ಯಾವುದನ್ನು ಉಬ್ಬಿಸುತ್ತಿದೆ ಎಂಬುದು ಅಳೆಯುವ ಯಂತ್ರದಲ್ಲಿ ಕೂಡಲೆ ಕಾಣಿಸುತ್ತದೆ.

ತೆರೆಯ ಹಿಂದಿನ ಮೂರೂ ಧ್ವನಿವರ್ಧಕಗಳು ತಲಾ 85 ಡೆಸಿಬೆಲ್, ಮಗ್ಗುಲ ಸಾಲುಗಳು ತಲಾ 82 ಡೆಸಿಬೆಲ್ ತೋರಿಸಬೇಕೆಂಬುದು ಸಾಮಾನ್ಯ ಐದು ದಿಕ್ಕಿನ ವ್ಯವಸ್ಥೆಗೆ ಒಪ್ಪಿತವಾದ ಮಾನ. ಮಗ್ಗುಲುಗಳಿಗೆ 3 ಡೆಸಿಬೆಲ್ ಕಡಿಮೆಯಿಟ್ಟದ್ದು ಎರಡೂ ಸಾಲು ಒಟ್ಟಾಗಿ ನುಡಿದಾಗ ತೆರೆಯ ಒಂದು ಧ್ವನಿವರ್ಧಕಕ್ಕೆ ಸರಿತೂಗಲೆಂದು. ಹೆಚ್ಚು ಸ್ವರಗಳು ಎಷ್ಟು ಇಳಿಯಬೇಕೆಂಬುದಕ್ಕೂ ಒಂದು ಗೊತ್ತಾದ ರೇಖೆಯಿದೆ. 2000 ಹರ್ಟ್ಜ್‌ವರೆಗೆ ಸಮತಟ್ಟಾಗಿ ಸಾಗಿ ಅಲ್ಲಿಂದ ಮುಂದೆ ಸ್ಥಾಯಿಗೆ 3 ಡೆಸಿಬೆಲ್‌ನಂತೆ ಅದು ಇಳಿಯುತ್ತದೆ. ಈ ರೇಖೆಯ ಬಗ್ಗೆ ತಜ್ಞರಲ್ಲಿ ತಕರಾರುಗಳಿವೆ. ನಮಗೆ ಮುಖ್ಯವಾದುದು ಇಷ್ಟೇ: ಚಿತ್ರವನ್ನು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಮಿಶ್ರಣ ಮಾಡಿದ ಕೋಣೆಯೂ ವಾಶಿಯ ಸಭಾಂಗಣವೂ ಒಂದೇ ಅಳತೆಗೋಲಿಗೆ ಬದ್ಧವಾಗಿದ್ದರೆ ಅಲ್ಲಿ ಕೇಳಿಸಿದ್ದು ಇಲ್ಲಿಯೂ ಕೇಳಿಸುತ್ತದೆ. ಎರಡು ಊರಿನ ಸೇರು ಬೇರೆ ಬೇರೆಯಾದರೆ ವ್ಯಾಪಾರ ಹೇಗೆ ನಡೆದೀತು?

ಮಟ್ಟದ ಜತೆಗೆ ಕಾಲದ ಲೆಕ್ಕವೂ ಉಂಟು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಿಂದ ಚಲಿಸುತ್ತದೆ. ತೆರೆಯಿಂದ 20 ಮೀಟರ್ ದೂರದ ಹಿಂದಿನ ಸಾಲಿನಲ್ಲಿ ಕುಳಿತವನನ್ನು ನಾಯಕನ ಮಾತು ಮುಟ್ಟಲು ಸುಮಾರು 58 ಮಿಲಿಸೆಕೆಂಡು ಬೇಕು. ಅವನ ತಲೆಯಿಂದ 3 ಮೀಟರ್ ದೂರದ ಗೋಡೆಪೆಟ್ಟಿಗೆಯ ಸದ್ದಿಗೆ 9 ಮಿಲಿಸೆಕೆಂಡು ಸಾಕು. ಮೊದಲು ಮುಟ್ಟಿದ ಧ್ವನಿಯ ದಿಕ್ಕನ್ನೇ ಕಿವಿಯು ಮೂಲವೆಂದು ನಂಬುತ್ತದೆ. ಆದ್ದರಿಂದ ಗೋಡೆಯ ಪೆಟ್ಟಿಗೆಗಳನ್ನು ಬೇಕೆಂದೇ ಸ್ವಲ್ಪ ತಡಮಾಡಿಸಬೇಕು. ಹಾಗೆ ಮಾಡದಿದ್ದರೆ ಹಿಂದಿನ ಸಾಲಿನ ಪ್ರೇಕ್ಷಕನ ಗಮನ ತೆರೆಯಿಂದ ಕಿತ್ತು ಗೋಡೆಯ ಕಡೆಗೆ ಹೋಗುತ್ತದೆ. ಇನ್ನು ತಂತಿಯ ಎರಡು ತುದಿಗಳನ್ನು ಅದಲುಬದಲು ಜೋಡಿಸಿದ ಪೆಟ್ಟಿಗೆಯೊಂದಿದ್ದರಂತೂ ಅದು ನೆರೆಯ ಪೆಟ್ಟಿಗೆಯ ತಗ್ಗು ಸ್ವರವನ್ನು ತಾನೇ ಅಳಿಸಿಹಾಕುತ್ತದೆ. ಎರಡೂ ದುಡಿಯುತ್ತಿದ್ದರೂ ಫಲ ಸೊನ್ನೆ. ಒಂದೇ ಮನೆಯ ಇಬ್ಬರು ಪಾಲುದಾರರು ಒಬ್ಬರಿಗೊಬ್ಬರು ವಿರುದ್ಧವಾಗಿ ದುಡಿದಂತೆ.

ಈ ಎಲ್ಲವನ್ನೂ ಸಭಾಂಗಣ ಕಟ್ಟಿದಾಗ ಒಮ್ಮೆ ಮಾಡಿಸಿರುತ್ತಾರೆ. ಆದರೆ ಅಳತೆ ಅಚ್ಚಳಿಯದೆ ನಿಲ್ಲುವುದಿಲ್ಲ. ತೆರೆಯ ರಂಧ್ರಗಳಲ್ಲಿ ಧೂಳು ಕೂಡುತ್ತದೆ. ಕೈಗಾರಿಕಾ ವಲಯದ ಹೊಗೆ, ಕಲ್ಲುಗಣಿಗಳ ಪುಡಿ, ಲಾರಿಗಳ ಸಂಚಾರವಿರುವ ಈ ಭಾಗದಲ್ಲಿ ಧೂಳಿಗೇನು ಬರವೇ? ಮಾತಿನ ಸ್ಪಷ್ಟತೆ ನಿಂತಿರುವುದು 'ಸ', 'ಶ', 'ತ', 'ಕ'ಗಳಂಥ ವ್ಯಂಜನಗಳ ಹೆಚ್ಚು ಸ್ವರಗಳಲ್ಲಿ. ಮೊದಲು ಮಂಕಾಗುವುವೂ ಅವೇ. ಧ್ವನಿವರ್ಧಕದ ಒಳಗಿನ ಪೊರೆ ಸವೆಯುತ್ತದೆ. ಗೋಡೆಯ ಹತ್ತು ಪೆಟ್ಟಿಗೆಗಳಲ್ಲಿ ಎರಡು ಸತ್ತುಹೋದರೂ ಚಿತ್ರ ನಿಲ್ಲುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಹವಾನಿಯಂತ್ರಣದ ಯಂತ್ರ ವರ್ಷ ಕಳೆದಂತೆ ಹೆಚ್ಚು ಗೊರಗುಟ್ಟುತ್ತ ಮೆಲ್ಲನೆಯ ಮಾತನ್ನು ಮುಚ್ಚುತ್ತದೆ. ಹೀಗೆ ಒಂದೊಂದು ಗುಂಜಿಯಾಗಿ ಕಡಿಮೆಯಾದ ತೂಕ ವರ್ಷ ಕಳೆಯುವಷ್ಟರಲ್ಲಿ ಪಾವುಸೇರಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅನರ್ಥ ಒಂದು ಗುಂಡಿಯಿಂದ ಆಗುತ್ತಿದೆ. ಡಾಲ್ಬಿ ಯಂತ್ರದ ಮೇಲೆ ಸೊನ್ನೆಯಿಂದ ಹತ್ತರವರೆಗೆ ಅಂಕೆಗಳುಳ್ಳ, ಒಟ್ಟು ಧ್ವನಿಯನ್ನು ಏರಿಳಿಸುವ ಸಾಧನವೊಂದಿದೆ. ಅಳತೆಯೆಲ್ಲ ನಡೆಯುವುದು ಅದನ್ನು 7ರಲ್ಲಿ ಇಟ್ಟು. ಚಿತ್ರವನ್ನು ಮಿಶ್ರಣ ಮಾಡಿದವರು ಎಣಿಸಿದ್ದೂ ಅದೇ 7. ಆದರೆ ಚಿತ್ರಕ್ಕೆ ಮುಂಚೆ ಬರುವ ಜಾಹೀರಾತುಗಳೂ ಮುಂಬರುವ ಚಿತ್ರಗಳ ತುಣುಕುಗಳೂ ಕಿವಿ ಹರಿಯುವಂತೆ ಅರಚುತ್ತವೆ. ಮುದುಕರೂ ಮಕ್ಕಳೂ ಕಿವಿ ಮುಚ್ಚಿಕೊಳ್ಳುತ್ತಾರೆ. ಯಾರೋ ಒಬ್ಬರು ಎದ್ದುಹೋಗಿ ದೂರುತ್ತಾರೆ. ವ್ಯವಸ್ಥಾಪಕನು ಗುಂಡಿಯನ್ನು 5ಕ್ಕೋ 4ಕ್ಕೋ ಇಳಿಸುತ್ತಾನೆ, ಮತ್ತೆ ಏರಿಸುವುದನ್ನು ಮರೆಯುತ್ತಾನೆ. 7ರಿಂದ 4ಕ್ಕೆ ಇಳಿಸಿದರೆ 10 ಡೆಸಿಬೆಲ್ ಇಳಿಯಿತೆಂದರ್ಥ. ಕಿವಿಗೆ ಅದು ಸುಮಾರು ಅರ್ಧಕ್ಕರ್ಧ. ಅನಂತರ ಮುಖ್ಯ ಚಿತ್ರ ತೊಡಗುತ್ತದೆ. ಹೊಡೆದಾಟ ಆಗಲೂ ಕೇಳಿಸುತ್ತದೆ. ತಾಯಿ ಮಗನಿಗೆ ಪಿಸುದನಿಯಲ್ಲಿ ಹೇಳಿದ ಮಾತು ಮಾತ್ರ ಹವಾಯಂತ್ರದ ಗೊರಗಿನಲ್ಲಿ ಸತ್ತುಹೋಗುತ್ತದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ತಮ್ಮ ಚಿತ್ರವನ್ನು ಎಲ್ಲರೂ ತಗ್ಗಿಸಿಯೇ ತೋರಿಸುವರೆಂದು ಅರಿತ ನಿರ್ಮಾಪಕರು ಮುಂದಿನ ಚಿತ್ರವನ್ನು ಇನ್ನಷ್ಟು ಜೋರಾಗಿ ಮಿಶ್ರಣ ಮಾಡಿಸುತ್ತಾರೆ. ಚಿತ್ರಮಂದಿರದವರು ಇನ್ನಷ್ಟು ತಗ್ಗಿಸುತ್ತಾರೆ. ಗಿರಾಕಿ ಚೌಕಾಸಿ ಮಾಡುವನೆಂದು ವ್ಯಾಪಾರಿ ಬೆಲೆ ಏರಿಸುವುದು, ಏರಿಸಿರುವನೆಂದು ಗಿರಾಕಿ ಮತ್ತೂ ಇಳಿಸಿ ಕೇಳುವುದು, ಇದೇ ಬಾಬತ್ತು. ಜಾಹೀರಾತು ಹಾಗೂ ತುಣುಕುಗಳ ಸರಾಸರಿ ಅಬ್ಬರಕ್ಕೆ ಪರದೇಶಗಳಲ್ಲಿ ಆ ಉದ್ಯಮದವರೇ ಮಿತಿ ಹಾಕಿಕೊಂಡಿದ್ದಾರೆ. ತುಣುಕುಗಳಿಗೆ 85, ಜಾಹೀರಾತುಗಳಿಗೆ 82 ಎಂಬುದು ಅವರು ಒಪ್ಪಿದ ಅಂಕೆ. ಇಲ್ಲಿಯೂ ಅದನ್ನು ಪಾಲಿಸುವುದಕ್ಕೆ ಯಾವ ಅಡ್ಡಿಯಿದೆ? ಅರಚಾಟವನ್ನು ಮೂಲದಲ್ಲೇ ತಡೆದರೆ ಗುಂಡಿಗೆ ಕೈಹಾಕುವ ಪ್ರಮೇಯವೇ ಬಾರದು.

ಈ ಅವ್ಯವಸ್ಥೆಗೆ ಚಿತ್ರಮಂದಿರದ ಕೆಳಗಿನ ನೌಕರರನ್ನು ದೂಷಿಸುವುದು ನಮಗೆ ಸಮ್ಮತವಲ್ಲ. ರೀಲುಗಳ ಕಾಲದಲ್ಲಿ ಯಂತ್ರದ ಕೋಣೆಯಲ್ಲಿ ಒಬ್ಬ ಆಪರೇಟರು ಆಟ ಮುಗಿಯುವವರೆಗೂ ಕುಳಿತಿರಲೇಬೇಕಾಗಿತ್ತು. ಚಿತ್ರದ ಧ್ವನಿ ಅವನ ಕಿವಿಯಲ್ಲೂ ಮೊಳಗುತ್ತಿತ್ತು. ಡಿಜಿಟಲ್ ಯಂತ್ರಗಳು ಬಂದ ಮೇಲೆ ಆಟದ ಪಟ್ಟಿಯನ್ನು ಗಣಕಯಂತ್ರವೇ ನಡೆಯಿಸುತ್ತದೆ. ನಾಲ್ಕೈದು ಸಭಾಂಗಣಗಳನ್ನು ಒಬ್ಬಿಬ್ಬರು ಹುಡುಗರು ನೋಡಿಕೊಳ್ಳುತ್ತಾರೆ. ದೀಪ, ಹವೆ, ಜಾಹೀರಾತು, ಎಲ್ಲದರ ಹೊಣೆ ಅವರದೇ. ಸಭಾಂಗಣದ ಒಳಗೆ ಕುಳಿತು ಕೇಳಲು ಅವರಿಗೆ ಪುರಸತ್ತಿಲ್ಲ, ಕೇಳೆಂದು ಹೇಳಿದವರೂ ಇಲ್ಲ. ಉಪ್ಪು ನೋಡುವವನಿಲ್ಲದ ಅಡುಗೆಮನೆಯಿಂದ ಸಾಂಬಾರು ಹೊರಗೆ ಹೋದರೆ ಬಯ್ಗುಳ ತಿನ್ನುವವನು ಬಡಿಸುವ ಮಾಣಿ. ಅದು ಎಷ್ಟು ನ್ಯಾಯವೆಂದು ನಮ್ಮ ವಾಚಕರಿಗಿಂತ ಚೆನ್ನಾಗಿ ಯಾರು ಬಲ್ಲರು? ಹೊಣೆ ಹೊರಬೇಕಾದವರು ಮಾಲಕರು.

ಕನ್ನಡ ಚಿತ್ರಗಳ ಮಟ್ಟಿಗೆ ಪರಿಸ್ಥಿತಿ ಇನ್ನೂ ಸೂಕ್ಷ್ಮವಾದುದು. ಹಿಂದೆ ಮಾಟುಂಗದ ಅರೋರಾದಲ್ಲಿ ದಕ್ಷಿಣದ ಚಿತ್ರಗಳಿಗೆ ಒಂದು ನೆಲೆಯಿತ್ತು. ಇಂದು ಉಪನಗರಗಳ ಬಹುಪರದೆಯ ಮಂದಿರಗಳಲ್ಲಿ ಕನ್ನಡಕ್ಕೆ ಸಿಗುವುದು ಹೆಚ್ಚಾಗಿ ಅತ್ಯಂತ ಚಿಕ್ಕ ಸಭಾಂಗಣ, ಅದೂ ಮುಂಜಾನೆಯ ಅಥವಾ ನಡುರಾತ್ರಿ ಬಿಡುವ ಆಟ. 2022ರ ಏಪ್ರಿಲಿನಲ್ಲಿ 'ಕೆ.ಜಿ.ಎಫ್.' ಎರಡನೆಯ ಭಾಗ ಬಂದಾಗ, ಅದೇ ವರ್ಷ ಸೆಪ್ಟೆಂಬರ್ 30ರಂದು 'ಕಾಂತಾರ' ತೆರೆ ಕಂಡಾಗ ದೊಡ್ಡ ಬಾಗಿಲುಗಳೂ ತೆರೆದುವು, ನಿಜ. ಆದರೆ ಆ ಬಾಗಿಲುಗಳು ಬಹುಪಾಲು ತೆರೆದದ್ದು ಹಿಂದಿಗೆ ಮಾರ್ಪಡಿಸಿದ ಆವೃತ್ತಿಗೆ. ಮೂಲ ಕನ್ನಡವನ್ನು ಕೇಳಬಯಸಿದವನು ಮತ್ತೆ ಚಿಕ್ಕ ಸಭಾಂಗಣದ ಬಾಗಿಲಲ್ಲೇ ನಿಲ್ಲಬೇಕಾಯಿತು. ದೊಡ್ಡ ಸಭಾಂಗಣದ ಅಳತೆಗೆ ಮೊದಲ ಮಣೆ, ಚಿಕ್ಕದರ ಅಳತೆಗೆ ಕೊನೆಯ ಪಂಕ್ತಿ ಎಂಬುದು ವ್ಯಾಪಾರದ ಸಹಜ ಪ್ರವೃತ್ತಿ.

'ಕಾಂತಾರ'ದ ಉದಾಹರಣೆಯನ್ನೇ ತುಸು ವಿಸ್ತರಿಸಿ ನೋಡೋಣ. ಅದರ ಪಾತ್ರಗಳು ಆಡುವುದು ಕುಂದಾಪುರದ ಕಡೆಯ ಕನ್ನಡ. ಬೆಂಗಳೂರಿನ ಪ್ರೇಕ್ಷಕನಿಗೇ ಕೆಲವು ಕಡೆ ಕಿವಿಗೊಟ್ಟು ಕೇಳಬೇಕಾದ ಮಾತು. ಬೈಂದೂರು, ಕುಂದಾಪುರ, ಕೋಟದ ಕಡೆಯಿಂದ ಬಂದು ಇಲ್ಲಿ ಗಲ್ಲಾದ ಮೇಲೆ ಕುಳಿತವನಿಗೆ ಅವನ ಅಜ್ಜಿಯ ಮಾತು. ದೈವದ ಕೂಗು ಬಂದಾಗ ಸಭಾಂಗಣದ ನಾಲ್ಕೂ ಗೋಡೆಗಳು ಒಂದಾಗಿ ನುಡಿದು ಮೈ ಜುಮ್ಮೆನ್ನಬೇಕು, ಸಂದೇಹವಿಲ್ಲ. ಆದರೆ ಆ ಕೂಗಿನ ಬಲವಿರುವುದು ಅದಕ್ಕೆ ಮುಂಚಿನ ನಿಶ್ಶಬ್ದದಲ್ಲಿ. ಸುತ್ತಣ ಕಾಡಿನ ಸದ್ದು ಅತಿ ಮೆಲ್ಲಗೆ ಕೇಳಿಸುತ್ತಿದ್ದರೆ ಮಾತ್ರ ಕೂಗು ಕೂಗಾಗುತ್ತದೆ. ಮೊದಲಿನಿಂದಲೂ ಒಂದೇ ಸಮನೆ ಭೋರ್ಗರೆಯುವ ಸಭಾಂಗಣದಲ್ಲಿ ದೈವವೂ ಒಂದೇ, ಜಾಹೀರಾತಿನ ಮೋಟಾರು ಸೈಕಲೂ ಒಂದೇ.

ಜೋರಾದ ಧ್ವನಿಯೇ ಉತ್ತಮ ಧ್ವನಿಯೆಂಬ ಭ್ರಮೆ ನಮ್ಮವರಲ್ಲಿಯೂ ಬೇರೂರಿದೆಯೆಂಬುದನ್ನು ಇಲ್ಲಿ ಹೇಳದೆ ಇರಲಾರೆವು. ಕುರ್ಚಿ ನಡುಗಿದರೆ ಹಣ ಸಂದಾಯವಾಯಿತೆಂದು ತರುಣರು ಎಣಿಸುತ್ತಾರೆ; ಚಿತ್ರಮಂದಿರದವರು ಅದನ್ನರಿತು ತಗ್ಗು ಸ್ವರದ ಧ್ವನಿವರ್ಧಕವನ್ನು ಅಳತೆ ಮೀರಿ ಉಬ್ಬಿಸಿಡುತ್ತಾರೆ. ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಾದರೂ ಏನು ಕಡಿಮೆ? ನೂರು ಜನರ ಸಭೆಗೆ ಸಾವಿರ ಜನರ ಧ್ವನಿವರ್ಧಕ ಹೇರಿ, ಭಾಷಣಕಾರರ ಕನ್ನಡವನ್ನು ಮೈಕಿನ ಸಿಳ್ಳಿನಲ್ಲಿ ಮುಳುಗಿಸುವುದು ನಾವೇ. ಅಡುಗೆಮನೆಯ ಗದ್ದಲದಲ್ಲಿ ದಿನಗಟ್ಟಲೆ ನಿಂತು ದಣಿದ ಕಿವಿಗೆ ರಜೆಯ ದಿನವೂ ಏಟು ಬೀಳಬಾರದು. 85 ಡೆಸಿಬೆಲ್‌ನ ಸದ್ದಿನಲ್ಲಿ ದಿನಕ್ಕೆ 8 ತಾಸು ಮೀರಿ ಇರಬಾರದು, 88 ಆದರೆ 4 ತಾಸೇ ಮಿತಿ ಎಂದು ಶ್ರವಣತಜ್ಞರು ಎಚ್ಚರಿಸುತ್ತಾರೆ. 3 ಡೆಸಿಬೆಲ್ ಏರಿದಾಗಲೆಲ್ಲ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ.

ಮಾಲಕರು ಖರ್ಚಿನ ಮಾತೆತ್ತಬಹುದು. ಆದರೆ ಒಂದು ಸಭಾಂಗಣವನ್ನು ಅಳೆದು ಸರಿಪಡಿಸುವುದು ಕೊನೆಯ ಆಟಕ್ಕೂ ಮರುದಿನದ ಮೊದಲ ಆಟಕ್ಕೂ ನಡುವೆ ಮುಗಿಯುವ ಕೆಲಸ. ಆಸನಗಳ ಬಟ್ಟೆ ಬದಲಿಸುವುದಕ್ಕೂ ಹಜಾರದ ಗಾಜು ಮಿನುಗಿಸುವುದಕ್ಕೂ ಹಣವಿರುವಲ್ಲಿ ಇದಕ್ಕೆ ಇಲ್ಲವೆಂದರೆ ನಂಬುವುದು ಕಷ್ಟ. ಈಗ ಎಲ್ಲರೂ ಕೈಯಲ್ಲಿನ ಮೊಬೈಲಿನಲ್ಲೇ ಚಿತ್ರ ನೋಡುವರೆಂಬ ಇನ್ನೊಂದು ವಾದವೂ ಕೇಳಿಬರುತ್ತದೆ. ಕಿವಿಗೆ ಸಿಕ್ಕಿಸಿಕೊಂಡ ಮೊಬೈಲಿನಲ್ಲಿ ಮಾತು ಸ್ಪಷ್ಟವಾಗಿಯೇ ಕೇಳಿಸುತ್ತದೆ. ಚಿತ್ರಮಂದಿರ ಅದಕ್ಕಿಂತ ಕೀಳಾದರೆ ಜನ ಏಕೆ ಬರಬೇಕೆಂದು ಮಾಲಕರೇ ಯೋಚಿಸಲಿ.

ಆದುದರಿಂದ ನಾವು ಕೇಳುವುದು ಅತಿ ಸರಳವಾದುದು. ಪ್ರತಿ ಸಭಾಂಗಣದ ಧ್ವನಿಯನ್ನು ವರ್ಷಕ್ಕೊಮ್ಮೆಯಾದರೂ ತಜ್ಞರಿಂದ ಅಳೆಯಿಸಿ, ಅಳೆದ ದಿನಾಂಕವನ್ನೂ ಅಳೆದಾಗ ಗುಂಡಿ ನಿಂತಿದ್ದ ಅಂಕೆಯನ್ನೂ ಆ ಸಭಾಂಗಣದ ಬಾಗಿಲ ಬಳಿ ಒಂದು ಸಣ್ಣ ಫಲಕದಲ್ಲಿ ಬರೆದು ತೂಗುಹಾಕಬೇಕು. ಚಿಕ್ಕ ಸಭಾಂಗಣಕ್ಕೂ ಇದು ಅನ್ವಯಿಸಬೇಕು. ಬೆಂಕಿಯ ಭಯ, ಹೊರಹೋಗುವ ಬಾಗಿಲು, ಆಸನಗಳ ಅಂತರ ಇವುಗಳನ್ನು ಪರಿಶೀಲಿಸಿ ಪರವಾನಿಗೆ ಕೊಡುವ ಸರಕಾರಕ್ಕೆ ಈ ಒಂದು ಕಲಮನ್ನು ಸೇರಿಸುವುದು ಭಾರವಾಗಲಾರದು. ಸರಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಾಗಿಯೂ ಇಲ್ಲ. ಮೊದಲು ಫಲಕ ತೂಗುಹಾಕಿದ ಮಾಲಕನಿಗೆ ಅದೇ ಒಳ್ಳೆಯ ಜಾಹೀರಾತಾದೀತು, ಅದೂ ಅರಚದ ಜಾಹೀರಾತು.

ನಮ್ಮ ಕನ್ನಡ ಸಂಘಗಳೂ ಇಲ್ಲಿ ಒಂದು ಕೆಲಸ ಮಾಡಬಹುದು. ಸಂಘದ ವತಿಯಿಂದ ಕನ್ನಡ ಚಿತ್ರದ ವಿಶೇಷ ಆಟವನ್ನು ಗೊತ್ತುಪಡಿಸುವಾಗ ಚೀಟಿಯ ದರ, ಚಹಾ, ಅತಿಥಿಗಳ ಹಾರ ಇವುಗಳ ಚರ್ಚೆಯ ನಡುವೆ ಧ್ವನಿಯ ಮಾತನ್ನೂ ಎತ್ತಬೇಕು. ಆಟಕ್ಕೆ ಮುಂಚೆ ಕಾರ್ಯಕರ್ತರಲ್ಲಿ ಇಬ್ಬರು ಸಭಾಂಗಣದ ಒಳಗೆ ಹೋಗಿ, ಚಿತ್ರದ ಹತ್ತು ನಿಮಿಷವನ್ನು ಮುಂದಿನ ಸಾಲಿನಲ್ಲೊಬ್ಬರು ಹಿಂದಿನ ಮೂಲೆಯಲ್ಲೊಬ್ಬರು ಕುಳಿತು ಕೇಳಿದರೆ ಸಾಕು. ಮಾತು ಎರಡೂ ಕಡೆ ತಿಳಿಯುವುದೇ ಇಲ್ಲವೇ ಎಂಬುದಕ್ಕೆ ಯಂತ್ರದ ನೆರವು ಬೇಡ. ಬರಿದಾದ ಸಭಾಂಗಣ ಜನ ತುಂಬಿದಾಗಿನಷ್ಟು ಸದ್ದನ್ನು ಹೀರುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

ಇನ್ನು ಚೀಟಿ ಕೊಂಡು ಕುಳಿತ ವಾಚಕರಿಗೆ ಒಂದು ಸೂಚನೆ. ಧ್ವನಿ ಸರಿಯಿಲ್ಲವೆಂದು ಕಂಡರೆ ಮಧ್ಯಂತರದವರೆಗೆ ಕಾಯದೆ ಮೊದಲ ಹತ್ತು ನಿಮಿಷದೊಳಗೆ ಹೊರಗೆ ಹೋಗಿ ಹೇಳಿರಿ. ಬರಿದೆ 'ಬಹಳ ಜೋರಾಗಿದೆ' ಎನ್ನಬೇಡಿರಿ. ಹಾಗೆಂದರೆ ಗುಂಡಿಯನ್ನು ಇಳಿಸಿ ನಿಮ್ಮನ್ನು ಸಾಗಹಾಕುವರು, ಇರುವ ಮಾತೂ ಹೋಗುವುದು. ಎಷ್ಟನೆಯ ಸಭಾಂಗಣ, ಯಾವ ಸಾಲು, ಕೇಳಿಸದಿರುವುದು ಮಾತೋ ಸಂಗೀತವೋ, ಸದ್ದು ಒಂದು ಮಗ್ಗುಲಿನಿಂದ ಮಾತ್ರ ಬರುತ್ತಿದೆಯೋ, ಗೋಡೆಯ ಪೆಟ್ಟಿಗೆ ಮೂಕವಾಗಿದೆಯೋ ಎಂಬುದನ್ನು ಬಿಡಿಸಿ ಹೇಳಿರಿ. ನಡುವಿನ ಧ್ವನಿವರ್ಧಕವನ್ನು ನೋಡಿರೆಂದು ಹೇಳಿದರಂತೂ ಎದುರಿನ ಹುಡುಗ ಒಮ್ಮೆ ನಿಮ್ಮ ಮುಖ ನೋಡಿ, ಮೇಲಿನವರಿಗೆ ಫೋನು ಮಾಡುವನು. ಅವನೊಡನೆ ಸೌಜನ್ಯದಿಂದ ಮಾತಾಡಿರಿ. ಅವನೂ ನಿಮ್ಮಂತೆ ಪಾಳಿಯ ಮೇಲೆ ದುಡಿಯುವವನು. ಚೀಟಿಯ ಹಿಂಬದಿಯಲ್ಲೋ ಮೊಬೈಲಿನಲ್ಲೋ ದಿನಾಂಕ ಮತ್ತು ಸಭಾಂಗಣದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಮರುದಿನ ಕಂಪೆನಿಗೆ ಲಿಖಿತವಾಗಿ ಕಳಿಸಿರಿ. ಒಂದೇ ಸಭಾಂಗಣದ ಬಗ್ಗೆ ಒಂದೇ ವಾರದಲ್ಲಿ ಇಂಥ ಹತ್ತು ಪತ್ರಗಳು ಮುಟ್ಟಿದರೆ ಮೈಕು ಹಿಡಿದ ತಂತ್ರಜ್ಞ ಆ ತಿಂಗಳಲ್ಲೇ ಅಲ್ಲಿಗೆ ಬಂದಾನು.